ಕಾಣುವ ಮೊದಲೇ ಕೊಟ್ಟ ತೀರ್ಪು: ‘ಕತ್ತಲ ಕಾಡು’ ಸಿದ್ಧಾಂತಕ್ಕೆ ಒಂದು ಆಕ್ಷೇಪ

ಈಚೆಗೆ ನನ್ನ ಪರಿಶೀಲನೆಗೆ ಬಂದಿದ್ದ ಸಂಶೋಧನ ಪ್ರಬಂಧವೊಂದರಲ್ಲಿ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ಅನ್ಯಲೋಕದ ಜೀವಿಗಳೊಡನೆ ಮಾನವಕುಲದ ಮೊದಲ ಭೇಟಿ ವಿನಾಶದಲ್ಲಲ್ಲದೆ ಬೇರೆ ರೀತಿಯಲ್ಲಿ ಮುಗಿಯಲಾರದೆಂಬುದನ್ನು ಚೀನಾದ ಕಾದಂಬರಿಕಾರ ಲಿಯು ಸಿಶಿನ್ ‘ಸಾಧಿಸಿ ತೋರಿಸಿದ್ದಾರೆ’ ಎಂಬುದು ಆ ವಾಕ್ಯ. ಕಾದಂಬರಿಯೊಂದು ಇಂಥದನ್ನು ಸಾಧಿಸುವುದು ಹೇಗೆ ಎಂದು ಅಂಚಿನಲ್ಲಿ ಪ್ರಶ್ನೆ ಬರೆದಿಟ್ಟೆ. ಮೌಖಿಕ ಪರೀಕ್ಷೆಯ ದಿನ ಅದನ್ನೇ ಕೇಳಿದಾಗ ಅಭ್ಯರ್ಥಿ ಕೊಂಚವೂ ಅಳುಕದೆ, “ಸರ್, ಅದು ಕಥೆಯಲ್ಲ, ತರ್ಕ” ಎಂದರು. ಜೊತೆಗಿದ್ದ ಪರೀಕ್ಷಕರೂ ತಲೆದೂಗಿದರು. ಬುದ್ಧಿವಂತರಾದ ಇಬ್ಬರು ಓದುಗರು ಒಂದು ಕಾದಂಬರಿಯ ಪಾತ್ರ ಆಡಿದ ಮಾತನ್ನು ವಿಶ್ವದ ನಿಯಮವೆಂದು ಸ್ವೀಕರಿಸಿಬಿಟ್ಟಿದ್ದರು. ಈ ಲೇಖನ ಆ ಇಬ್ಬರಿಗೂ ಅವರಂತೆಯೇ ಯೋಚಿಸುವ ಅನೇಕರಿಗೂ ನಾನು ಅಂದು ಕೊಡಲಾಗದೆ ಹೋದ ಉತ್ತರ.

ಮೊದಲು ಸಿದ್ಧಾಂತವನ್ನು ಅದಕ್ಕೆ ಅನ್ಯಾಯವಾಗದಂತೆ ಹೇಳಬೇಕು. ಲಿಯು ಅವರ ತ್ರಿವಳಿಯ ಮೊದಲ ಭಾಗ ‘ತ್ರಿಕಾಯ ಸಮಸ್ಯೆ’ 2006ರಲ್ಲಿ ಚೀನಾದ ವೈಜ್ಞಾನಿಕ ಕಥಾಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 2008ರಲ್ಲಿ ಪುಸ್ತಕವಾಯಿತು. ಕೆನ್ ಲಿಯು ಅವರು ಮಾಡಿದ ಅದರ ಇಂಗ್ಲಿಷ್ ಅನುವಾದಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಸಂದಿತು. ಎರಡನೆಯ ಭಾಗವೇ ‘ದ ಡಾರ್ಕ್ ಫಾರೆಸ್ಟ್’; ಅದನ್ನು ಇಲ್ಲಿ ‘ಕತ್ತಲ ಕಾಡು’ ಎಂದು ಕರೆಯುತ್ತೇನೆ. ಅದರ ನಾಯಕ ಲ್ವೊ ಜಿ ಎರಡು ಮೂಲಸೂತ್ರಗಳಿಂದ ಹೊರಡುತ್ತಾನೆ. ಉಳಿವು ನಾಗರಿಕತೆಯ ಮೊದಲ ಅಗತ್ಯ ಎಂಬುದು ಒಂದು. ನಾಗರಿಕತೆ ನಿರಂತರವಾಗಿ ಬೆಳೆಯುತ್ತದೆ, ಆದರೆ ವಿಶ್ವದ ಒಟ್ಟು ದ್ರವ್ಯ ಬೆಳೆಯುವುದಿಲ್ಲ ಎಂಬುದು ಇನ್ನೊಂದು. ಇವುಗಳಿಗೆ ಎರಡು ಕಲ್ಪನೆಗಳು ಸೇರುತ್ತವೆ. ನಕ್ಷತ್ರಗಳ ನಡುವಿನ ದೂರದಲ್ಲಿ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದು. ಅವರು ನಮ್ಮನ್ನು ಏನೆಂದು ತಿಳಿದಿದ್ದಾರೆ, ನಾವು ಅವರನ್ನು ಏನೆಂದು ತಿಳಿದಿದ್ದೇವೆಂದು ಅವರು ತಿಳಿದಿದ್ದಾರೆ ಎಂಬ ಸಂಶಯದ ಸರಪಳಿ ಎಂದಿಗೂ ಕಡಿಯದು. ಇಂದು ದುರ್ಬಲವಾಗಿರುವ ನಾಗರಿಕತೆ ತಂತ್ರಜ್ಞಾನದ ಹಠಾತ್ ಸ್ಫೋಟದಿಂದ ನಾಳೆ ಪ್ರಬಲವಾಗಬಹುದು. ಆದ್ದರಿಂದ ವಿಶ್ವವೆಂಬುದು ಕತ್ತಲ ಕಾಡು. ಪ್ರತಿ ನಾಗರಿಕತೆಯೂ ಬಂದೂಕು ಹಿಡಿದು ಸದ್ದಿಲ್ಲದೆ ನಡೆಯುವ ಬೇಟೆಗಾರ. ಇನ್ನೊಂದು ಜೀವ ಕಣ್ಣಿಗೆ ಬಿದ್ದೊಡನೆ ಗುಂಡು ಹಾರಿಸುವುದೊಂದೇ ಅವನಿಗಿರುವ ದಾರಿ.

ಕಥೆಯ ಯಂತ್ರವಾಗಿ ಇದು ಅದ್ಭುತ. ಲ್ವೊ ಜಿ ಒಂದು ನಕ್ಷತ್ರದ ಸ್ಥಾನವನ್ನು ವಿಶ್ವಕ್ಕೆಲ್ಲ ಸಾರಿ, ಅನಂತರ ಅದು ಯಾರೋ ಅಪರಿಚಿತರಿಂದ ನಾಶವಾದುದು ತಿಳಿದುಬರುವ ಪ್ರಸಂಗವನ್ನು ಓದಿ ಮೈ ನಡುಗದವರು ಕಡಿಮೆ. ಲಿಯು ಅವರ ಕಥನಶಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಅವರ ಪಾತ್ರದ ವಾದವನ್ನು ಕಾದಂಬರಿಯಿಂದ ಕಿತ್ತು ತಂದು ‘ವಾಸ್ತವವಾದ’ ಎಂಬ ಹೆಸರಿಟ್ಟು, ಮೊದಲ ಭೇಟಿಯ ಬೇರೆ ಕಾದಂಬರಿಗಳನ್ನೆಲ್ಲ ಅದರ ಮುಂದೆ ಬಾಲಿಶವೆಂದು ತಳ್ಳಿಹಾಕುವ ವಿಮರ್ಶೆಯ ಬಗ್ಗೆ ನನ್ನ ತಕರಾರು.

ಮೂಲಸೂತ್ರಗಳೆಂದು ಕರೆದ ಮಾತ್ರಕ್ಕೆ ಅವು ಮೂಲಸೂತ್ರಗಳಾಗುವುದಿಲ್ಲ. ನಾಗರಿಕತೆ ನಿರಂತರವಾಗಿ ಬೆಳೆಯುತ್ತದೆ ಎಂಬ ಮಾತು ಕಲ್ಲಿದ್ದಲು ಮತ್ತು ಹಬೆಯಂತ್ರಗಳ ಕಾಲದಿಂದ ಈಚೆಗೆ ಭೂಮಿಯ ಕೆಲವು ಸಮಾಜಗಳಲ್ಲಿ ಕಂಡುಬಂದ ಒಂದು ಸಂಗತಿ. ಅದಕ್ಕೆ ಮುಂಚೆ ಸಾವಿರಾರು ವರ್ಷ ಮನುಷ್ಯರು ಬಾಳಿದ್ದಾರೆ. ಅವರಲ್ಲಿ ಬೆಳೆದವರಿದ್ದರು, ಕುಗ್ಗಿದವರಿದ್ದರು, ಇದ್ದಂತೆಯೇ ಉಳಿದವರೂ ಇದ್ದರು. ಎರಡು ಮೂರು ಶತಮಾನಗಳ ನಮ್ಮ ಅಭ್ಯಾಸವನ್ನು ಎತ್ತಿ ಇಡೀ ವಿಶ್ವಕ್ಕೆ ನಿಯಮವೆಂದು ಹೊದಿಸುವುದು ತರ್ಕವಲ್ಲ. ‘ಸಂಶಯದ ಸರಪಳಿ’ಯ ವಿಷಯವೂ ಹಾಗೆಯೇ. ತಿಳಿಯದು ಎಂಬುದರಿಂದ ತಿಳಿಯದು ಎಂದಷ್ಟೇ ಹೊರಡುತ್ತದೆ, ಕೊಲ್ಲಬೇಕು ಎಂದು ಹೊರಡುವುದಿಲ್ಲ. ಇವೆರಡರ ನಡುವೆ ಇರುವುದು ಭಯವೊಂದೇ. ಭಯ ಸಹಜವಾದದ್ದು, ಕೆಲವೊಮ್ಮೆ ವಿವೇಕವೂ ಹೌದು. ಆದರೆ ಅದನ್ನು ಅನುಮಾನಪ್ರಮಾಣದ ವೇಷದಲ್ಲಿ ಸಭೆಗೆ ಕರೆತರಬಾರದು.

ಈ ಸರಪಳಿ ನಿಜವಾದ ಲೋಕದಲ್ಲಿ ಪರೀಕ್ಷೆಗೆ ಒಳಗಾದ ರಾತ್ರಿಯೊಂದುಂಟು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಒಕ್ಕೂಟದ ಮುನ್ನೆಚ್ಚರಿಕೆ ಕೇಂದ್ರದಲ್ಲಿ ಸ್ತಾನಿಸ್ಲಾವ್ ಪೆಟ್ರೊವ್ ಎಂಬ ಅಧಿಕಾರಿ ಪಾಳಿಯಲ್ಲಿದ್ದರು. ಅಮೆರಿಕದಿಂದ ಕ್ಷಿಪಣಿಗಳು ಹೊರಟಿವೆಯೆಂದು ಉಪಗ್ರಹ ವ್ಯವಸ್ಥೆ ಸಾರಿತು. ಮೊದಲು ಒಂದು, ಬಳಿಕ ಇನ್ನೂ ನಾಲ್ಕು. ಲ್ವೊ ಜಿಯ ಲೆಕ್ಕದಂತೆ ಆ ಗಳಿಗೆಯಲ್ಲಿ ಮಾಡಬೇಕಾದ್ದು ಒಂದೇ. ಪೆಟ್ರೊವ್ ಅದನ್ನು ಸುಳ್ಳು ಎಚ್ಚರಿಕೆಯೆಂದು ಮೇಲಿನವರಿಗೆ ವರದಿ ಮಾಡಿದರು. ಅದು ಸುಳ್ಳೇ ಆಗಿತ್ತು. ಭೂಮಿಯ ಮೇಲಿನ ಉದಾಹರಣೆ ನಕ್ಷತ್ರಗಳಿಗೆ ಅನ್ವಯಿಸದೆಂದು ಕಾದಂಬರಿಯೇ ಮುಂದಾಗಿ ಹೇಳುತ್ತದೆ: ನಾವೆಲ್ಲ ಒಂದೇ ಕುಲದವರು, ಮಾತಿನಿಂದ ಸಂಶಯ ತೀರೀತು, ಅನ್ಯಲೋಕದವರೊಡನೆ ಹಾಗಾಗದು. ಇರಬಹುದು. ಆದರೆ ಬೇಟೆಗಾರ, ಬಂದೂಕು, ಕಾಡು ಇವೆಲ್ಲವನ್ನೂ ಭೂಮಿಯಿಂದಲೇ ಎರವಲು ತಂದ ವಾದಕ್ಕೆ, ಭೂಮಿಯ ಪ್ರತ್ಯುದಾಹರಣೆ ಬಂದಾಗ ಮಾತ್ರ ಬಾಗಿಲು ಹಾಕಿಕೊಳ್ಳುವ ಹಕ್ಕಿಲ್ಲ.

ಇನ್ನು ಸಾಹಿತ್ಯಚರಿತ್ರೆಗೆ ಬರೋಣ. ‘ಕತ್ತಲ ಕಾಡು’ ಹಿಂದೆಂದೂ ಇಲ್ಲದ ದರ್ಶನವೆಂದು ಬಗೆಯುವವರು 1945ರ ಮೇ ತಿಂಗಳ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಪ್ರಕಟವಾದ ಮರೆ ಲೈನ್‌ಸ್ಟರ್ ಅವರ ‘ಫಸ್ಟ್ ಕಾಂಟ್ಯಾಕ್ಟ್’ ಎಂಬ ನೀಳ್ಗತೆಯನ್ನು ಓದಬೇಕು. ಕರ್ಕಾಟಕ ನೀಹಾರಿಕೆಯಲ್ಲಿ ಭೂಮಿಯ ನೌಕೆಯೊಂದು ಅನ್ಯರ ನೌಕೆಗೆ ಎದುರಾಗುತ್ತದೆ. ಬಿಟ್ಟುಹೋದರೆ ಅವರು ಹಿಂಬಾಲಿಸಿ ಬಂದು ನಮ್ಮ ಮನೆಯನ್ನು ಕಂಡುಕೊಂಡಾರು. ಆದ್ದರಿಂದ ಇಲ್ಲಿಯೇ ಕೊಲ್ಲಬೇಕೇ ಎಂಬುದು ಎರಡೂ ಪಕ್ಷಗಳ ಸಂಕಟ. ಲಿಯು ಅವರ ಸಂಶಯದ ಸರಪಳಿ ಅಕ್ಷರಶಃ ಅಲ್ಲಿದೆ. ಪರಿಹಾರ ಮಾತ್ರ ಬೇರೆ: ಹಿಂಬಾಲಿಸುವ ಉಪಕರಣಗಳನ್ನೆಲ್ಲ ಕಿತ್ತುಹಾಕಿ ನೌಕೆಗಳನ್ನೇ ಅದಲುಬದಲು ಮಾಡಿಕೊಂಡು ಇಬ್ಬರೂ ಮನೆಗೆ ಹೋಗುತ್ತಾರೆ. ಕೊನೆಯಲ್ಲಿ ತಿಳಿಯುವುದೇನೆಂದರೆ, ಎರಡು ಕಡೆಯವರೂ ಹೂಡಿದ್ದ ಉಪಾಯ ಒಂದೇ. ಕಾಯುವ ಹೊತ್ತಿನಲ್ಲಿ ನಮ್ಮವನೊಬ್ಬನೂ ಅವರವನೊಬ್ಬನೂ ಪೋಲಿ ಹಾಸ್ಯಗಳನ್ನು ಹೇಳಿಕೊಂಡು ನಕ್ಕಿದ್ದರು.

ಇದಕ್ಕೆ ಸೋವಿಯತ್ ದೇಶದಿಂದ ನೇರವಾದ ಖಂಡನೆ ಬಂತು. ಇವಾನ್ ಯೆಫ್ರೆಮೊವ್ ಅವರ ‘ಸರ್ಪದ ಹೃದಯ’ (1958) ಕಥೆಯ ವ್ಯೋಮಯಾತ್ರಿಗಳು ಲೈನ್‌ಸ್ಟರ್‌ನ ಕಥೆಯನ್ನೇ ಕೈಗೆತ್ತಿಕೊಂಡು ಓದಿ, ಹಳೆಯ ಕಾಲದ ಭಯಗ್ರಸ್ತ ಮನಸ್ಸಿನ ಕುರುಹೆಂದು ಅದನ್ನು ತಿರಸ್ಕರಿಸುತ್ತಾರೆ. ನಕ್ಷತ್ರಗಳನ್ನು ಮುಟ್ಟುವಷ್ಟು ಬೆಳೆದ ಸಮಾಜ ಶೋಷಣೆ ಯುದ್ಧಗಳನ್ನು ದಾಟಿಯೇ ಬಂದಿರಬೇಕು; ಆದ್ದರಿಂದ ಅಲ್ಲಿ ಸಿಗುವವರು ಮಿತ್ರರೇ ಎಂಬುದು ಅವರ ಸೂತ್ರ. ಕಥೆಯ ಅನ್ಯರು ಉಸಿರಾಡುವುದು ಫ್ಲೋರಿನ್ ಅನಿಲವನ್ನು. ಇಬ್ಬರ ನಡುವೆ ಪಾರದರ್ಶಕವಾದ ಗೋಡೆ. ಒಬ್ಬರ ಗಾಳಿ ಇನ್ನೊಬ್ಬರಿಗೆ ವಿಷ. ಕರುಣಾಜನಕವಾದ, ನಿಜಕ್ಕೂ ಸುಂದರವಾದ ಸನ್ನಿವೇಶವಿದು. ಆದರೆ ಆ ಸ್ನೇಹ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ಗಮನಿಸಬೇಕು. ಭೂಮಿಯ ವಿಜ್ಞಾನಿ ಆಫ್ರಾ ದೇವಿಗೆ ಹೊಳೆಯುವ ಪರಿಹಾರವೆಂದರೆ, ಆ ಜನರ ಆನುವಂಶಿಕ ರಚನೆಯನ್ನೇ ಬದಲಿಸಿ ಅವರು ಆಮ್ಲಜನಕ ಉಸಿರಾಡುವಂತೆ ಮಾಡುವುದು! ಅಪ್ಪಿಕೊಳ್ಳಬೇಕಾದರೆ ನೀವು ನಾವಾಗಿ ಎಂದಂತೆ. ಗೋಡೆಯನ್ನು ತೆಗೆಯಲು ಯೆಫ್ರೆಮೊವ್‌ಗೆ ಬೇರೆ ದಾರಿ ತೋಚಲಿಲ್ಲ.

ಲೈನ್‌ಸ್ಟರ್‌ನದು ಮಹಾಯುದ್ಧದ ಕೊನೆಯ ತಿಂಗಳುಗಳ ಕಥೆ, ಯೆಫ್ರೆಮೊವ್‌ರದು ಸ್ಪುಟ್ನಿಕ್‌ನ ಮರುವರ್ಷದ ಕಥೆ. ಒಂದರಲ್ಲಿ ಅನ್ಯ ನಮ್ಮಂತೆಯೇ ಹೆದರುವವನು, ಇನ್ನೊಂದರಲ್ಲಿ ನಮ್ಮಂತೆಯೇ ಉದಾರಿ. ಎರಡರಲ್ಲೂ ಅವನು ಯಾರೆಂಬುದು ಭೇಟಿಗೆ ಮೊದಲೇ ನಿಶ್ಚಿತವಾಗಿದೆ. ಲಿಯು ಅವರ ಕತ್ತಲ ಕಾಡು ಈ ಹಳೆಯ ವ್ಯಾಜ್ಯದಲ್ಲಿ ಲೈನ್‌ಸ್ಟರ್‌ನ ಪರವಾಗಿ ಸಲ್ಲಿಸಿದ ಮೇಲ್ಮನವಿ; ಹಾಸ್ಯವನ್ನು ಮಾತ್ರ ಅದರಿಂದ ತೆಗೆದುಹಾಕಲಾಗಿದೆ. ಲೈನ್‌ಸ್ಟರ್‌ನಲ್ಲಿ ಹೆದರಿದವರು ಕನಿಷ್ಠಪಕ್ಷ ಎದುರುಬದುರು ಕುಳಿತರು. ಕತ್ತಲ ಕಾಡಿನ ನಿಯಮದಲ್ಲಿ ಆ ಎದುರುಬದುರೇ ಇಲ್ಲ. ಮೊದಲ ಭೇಟಿಯ ಕಾದಂಬರಿಯ ಪರಮ ಸಾಧನೆಯೆಂದು ಹೊಗಳಿಸಿಕೊಳ್ಳುವ ಸಿದ್ಧಾಂತವೊಂದು ಭೇಟಿಯನ್ನೇ ರದ್ದುಗೊಳಿಸುತ್ತದೆ ಎಂಬುದನ್ನು ನಮ್ಮ ವಿಮರ್ಶಕರು ಏಕೆ ಕಾಣುತ್ತಿಲ್ಲವೋ.

“ಚರಿತ್ರೆಯನ್ನು ನೋಡಿ” ಎನ್ನುವರು. ಸ್ಟೀಫನ್ ಹಾಕಿಂಗ್ 2010ರಲ್ಲಿ ದೂರದರ್ಶನ ಸರಣಿಯೊಂದರಲ್ಲಿ ಅನ್ಯರ ಆಗಮನವನ್ನು ಕೊಲಂಬಸ್ ಅಮೆರಿಕದಲ್ಲಿ ಇಳಿದುದಕ್ಕೆ ಹೋಲಿಸಿ ಎಚ್ಚರಿಸಿದರು. ಅಂದಿನಿಂದ ಈ ಹೋಲಿಕೆ ಪ್ರಮಾಣವಾಕ್ಯದಂತೆ ಉದ್ಧೃತವಾಗುತ್ತಿದೆ. ಆಗಲಿ, ಚರಿತ್ರೆಯನ್ನೇ ನೋಡೋಣ. 1492ರಲ್ಲಿ ಕೊಲಂಬಸ್ ತನ್ನ ಜೊತೆಗೆ ಲೂಯಿಸ್ ದ ತೊರೆಸ್ ಎಂಬ ದುಭಾಷಿಯನ್ನು ಕರೆದೊಯ್ದಿದ್ದ. ಹೀಬ್ರೂ, ಆರಮಾಯಿಕ್, ಒಂದಿಷ್ಟು ಅರಬ್ಬಿ ಆತನಿಗೆ ಬರುತ್ತಿತ್ತು. ತಾನು ಹೊರಟಿರುವುದು ಏಷ್ಯಾಕ್ಕೆ, ಅಲ್ಲಿ ಮಹಾಖಾನನ ಆಸ್ಥಾನವಿದೆ ಎಂದು ಕೊಲಂಬಸ್ ನಂಬಿದ್ದನಲ್ಲವೇ. ನವೆಂಬರ್ ತಿಂಗಳಲ್ಲಿ ಆ ದುಭಾಷಿಯನ್ನು ಕ್ಯೂಬಾದ ಒಳನಾಡಿಗೆ ಕಳುಹಿಸಲಾಯಿತು. ಅಲ್ಲಿದ್ದದ್ದು ತಾಯ್ನೊ ಜನರ ಹಳ್ಳಿ. ತೊರೆಸನ ಒಂದು ಭಾಷೆಯೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಎರಡನೆಯ ಯಾನದಲ್ಲಿ, 1494ರ ಜೂನ್‌ನಲ್ಲಿ, ಕ್ಯೂಬಾ ದ್ವೀಪವಲ್ಲ, ಏಷ್ಯಾದ ಭೂಭಾಗವೇ ಎಂದು ಕೊಲಂಬಸ್ ತನ್ನ ನಾವಿಕರಿಂದ ಪ್ರಮಾಣ ಮಾಡಿಸಿಕೊಂಡ. ಮುಂದೆ ಯಾರಾದರೂ ಇದಕ್ಕೆ ವಿರುದ್ಧವಾಗಿ ಮಾತಾಡಿದರೆ ಹತ್ತು ಸಾವಿರ ಮರವೇದಿ ದಂಡ, ಜೊತೆಗೆ ನಾಲಿಗೆ ಕತ್ತರಿಸುವ ಶಿಕ್ಷೆ. ಕರಾವಳಿಯನ್ನು ಕೊನೆಯವರೆಗೆ ಸುತ್ತಿ ನೋಡುವ ಮೊದಲೇ ಹಡಗನ್ನು ಹಿಂದಿರುಗಿಸಿದ. ಬಲಿಷ್ಠನು ದುರ್ಬಲನನ್ನು ತಿನ್ನುತ್ತಾನೆ ಎಂಬ ಪಾಠವನ್ನಷ್ಟೇ ಆ ಚರಿತ್ರೆಯಿಂದ ಕಲಿಯುವವರು ಈ ಪ್ರಮಾಣಪತ್ರವನ್ನು ಓದಿಲ್ಲ. ಎದುರಿಗಿರುವುದು ಏನೆಂಬುದನ್ನು ಅದನ್ನು ಕಾಣುವ ಮೊದಲೇ ನಿರ್ಧರಿಸಿ, ಆ ನಿರ್ಧಾರವನ್ನು ನಾಲಿಗೆಯ ಭಯದಿಂದ ಕಾಪಾಡಿದ ಆ ಮನಸ್ಸೇ ಮುಂದಿನ ವಿನಾಶಕ್ಕೂ ದಾರಿ ಮಾಡಿತು. ಲ್ವೊ ಜಿಯ ಮೂಲಸೂತ್ರಗಳು ನನಗೆ ಆ ಪ್ರಮಾಣಪತ್ರದ ಹೊಸ ಪ್ರತಿಯಂತೆ ಕಾಣುತ್ತವೆ.

ಈ ವ್ಯಾಜ್ಯದಲ್ಲಿ ಎರಡು ಪಕ್ಷಗಳನ್ನೂ ಒಪ್ಪದವನೊಬ್ಬನಿದ್ದ. ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ 1961ರಲ್ಲಿ ‘ಸೊಲಾರಿಸ್’ ಬರೆದ. ಗ್ರಹವನ್ನು ಆವರಿಸಿರುವ ಒಂದು ಸಾಗರ. ಅದು ಜೀವಿಯೇ, ಬುದ್ಧಿಯುಳ್ಳದ್ದೇ ಎಂಬ ಬಗ್ಗೆ ನೂರು ವರ್ಷಗಳ ಅಧ್ಯಯನ ನಡೆದಿದೆ. ಕೆಲ್ವಿನ್ ನಿಲ್ದಾಣದ ಗ್ರಂಥಾಲಯದಲ್ಲಿ ಕುಳಿತು ಆ ಶಾಸ್ತ್ರದ ಸಂಪುಟಗಳನ್ನು ತಿರುವಿಹಾಕುವ ಅಧ್ಯಾಯವನ್ನು ಸಂಶೋಧಕರಾದ ನಾವು ವರ್ಷಕ್ಕೊಮ್ಮೆಯಾದರೂ ಓದಬೇಕು. ಪಂಥಗಳು, ಪ್ರತಿಪಂಥಗಳು, ವರ್ಗೀಕರಣಗಳು, ಸಾಗರ ಎಬ್ಬಿಸುವ ಬೃಹತ್ ಆಕೃತಿಗಳಿಗೆ ಇಟ್ಟ ಹೆಸರುಗಳು, ಕಪಾಟುಗಟ್ಟಲೆ ಗ್ರಂಥಗಳು. ಸಾಗರ ಮಾತ್ರ ಇದ್ದಲ್ಲಿಯೇ ಇದೆ. ಕೊನೆಗೆ ಅದು ಮನುಷ್ಯರೊಡನೆ ಏನನ್ನೋ ನಡೆಸುತ್ತದೆ: ಕೆಲ್ವಿನ್‌ನ ಮುಂದೆ ಆತ್ಮಹತ್ಯೆ ಮಾಡಿಕೊಂಡಿದ್ದ ಅವನ ಹೆಂಡತಿಯ ರೂಪವನ್ನು ಕಳುಹಿಸುತ್ತದೆ. ಅದು ಉಡುಗೊರೆಯೋ, ಹಿಂಸೆಯೋ, ಪ್ರಯೋಗವೋ, ಏನೂ ಅಲ್ಲವೋ? ಲೆಮ್ ಹೇಳುವುದಿಲ್ಲ. ಅವನು ಜಾಣತನದಿಂದ ಮುಚ್ಚಿಟ್ಟದ್ದಲ್ಲ ಅದು. ಆ ಕಾದಂಬರಿಯ ಒಳಗೆ ನಿಂತು ತಿಳಿಯಬಹುದಾದದ್ದು ಅಷ್ಟೇ. 1972ರ ತಾರ್ಕೊವ್‌ಸ್ಕಿಯ ಚಲನಚಿತ್ರವನ್ನು ಲೆಮ್ ಮೆಚ್ಚದಿದ್ದುದಕ್ಕೂ ಇದೇ ಕಾರಣವೆಂದು ನನ್ನ ಊಹೆ: ಅಲ್ಲಿ ಮನೆ, ತಂದೆ, ಪಶ್ಚಾತ್ತಾಪ ಎಲ್ಲವೂ ಇವೆ, ಸಾಗರ ಹಿಂದಕ್ಕೆ ಸರಿದಿದೆ.

ಸಂಶಯದಿಂದ ಗುಂಡು ಹಾರಿಸಿದರೆ ಏನಾಗುತ್ತದೆಂಬುದನ್ನು ಲೆಮ್ ಯೋಚಿಸಿರಲಿಲ್ಲವೆಂದಲ್ಲ. 1986ರ ಅವನ ‘ಫಿಯಾಸ್ಕೊ’ ಅದೇ ವಿಷಯದ ಕಾದಂಬರಿ. ಕ್ವಿಂಟಾ ಎಂಬ ಗ್ರಹದವರು ಮಾತಿಗೆ ಬರಲೊಪ್ಪರು. ಭೂಮಿಯಿಂದ ಹೋದ ಸುಸಂಸ್ಕೃತರಾದ ವಿದ್ವಾಂಸರು ಹಂತಹಂತವಾಗಿ, ಪ್ರತಿಯೊಂದು ಹಂತದಲ್ಲೂ ದೋಷವಿಲ್ಲದ ಆಟದ ಲೆಕ್ಕಾಚಾರ ಹಾಕಿ, ಆ ಗ್ರಹದ ಚಂದ್ರನನ್ನೇ ಒಡೆಯುವವರೆಗೆ ಹೋಗುತ್ತಾರೆ. ಲ್ವೊ ಜಿಯ ತರ್ಕವನ್ನು ಕೈಯಲ್ಲಿ ಹಿಡಿದವರು ಯಾವ ರೀತಿಯ ಜನರಾಗಿ ಮಾರ್ಪಡುತ್ತಾರೆಂಬುದನ್ನು ಇಷ್ಟು ನಿರ್ದಯವಾಗಿ ತೋರಿಸಿದ ಇನ್ನೊಂದು ಕೃತಿಯನ್ನು ನಾನು ಓದಿಲ್ಲ. ‘ಕತ್ತಲ ಕಾಡು’ ಬರುವುದಕ್ಕೆ ಇಪ್ಪತ್ತೆರಡು ವರ್ಷ ಮೊದಲೇ ಬಂದಿದ್ದ ಉತ್ತರವಿದು. ನಾನು ಹೇಳಿದ ಪ್ರಬಂಧದ ಗ್ರಂಥಋಣದಲ್ಲಿ ಅದರ ಹೆಸರಿರಲಿಲ್ಲ.

ಹಾಗಾದರೆ ಭೇಟಿ ಶುಭವೇ ಎಂದು ನನ್ನನ್ನು ಕೇಳಬಾರದು. ಮೇರಿ ಡೋರಿಯಾ ರಸೆಲ್ ಅವರ ‘ದ ಸ್ಪ್ಯಾರೋ’ (1996) ಕಾದಂಬರಿಯಲ್ಲಿ ಭಾಷಾವಿದನಾದ ಜೆಸ್ಯೂಟ್ ಪಾದ್ರಿ ಎಮಿಲಿಯೊ ಸಾಂಡೊಸ್ ಮತ್ತು ಅವನ ಗೆಳೆಯರು ದೂರದ ಗ್ರಹವೊಂದರಿಂದ ಬಂದ ಹಾಡನ್ನು ಕೇಳಿ ಪ್ರೀತಿಯಿಂದಲೇ ಅಲ್ಲಿಗೆ ಹೋಗುತ್ತಾರೆ. ಬಂದೂಕಿನ ಮಾತಿಲ್ಲ. ಭಾಷೆ ಕಲಿಯುತ್ತಾರೆ, ಊರಿನವರೊಡನೆ ಒಂದಾಗುತ್ತಾರೆ, ಊಟಕ್ಕೆಂದು ಒಂದು ಕೈತೋಟ ಮಾಡುತ್ತಾರೆ. ಅದನ್ನು ನೋಡಿ ಅಲ್ಲಿನ ರೂನಾ ಜನರೂ ತೋಟ ಮಾಡುತ್ತಾರೆ. ಆಹಾರ ಹೆಚ್ಚಿತು, ಅದರಿಂದ ಸಂತಾನ ಹೆಚ್ಚಿತು. ಆ ಸಂತಾನದ ಮೇಲೆ ಅಳತೆ ಇಟ್ಟಿದ್ದದ್ದು ಅವರನ್ನು ಆಳುವ, ಅವರನ್ನೇ ತಿನ್ನುವ ಇನ್ನೊಂದು ಕುಲ. ಅಳತೆ ಮೀರಿದ ಶಿಶುಗಳ ಹತ್ಯೆಗೆ ಸೈನಿಕರು ಬಂದರು. ನಾಲ್ಕು ಗಿಡ ನೆಟ್ಟವರಿಗೆ ಆ ಸಮಾಜದ ಮೂಲ ವ್ಯವಸ್ಥೆಯನ್ನು ತಾವು ಕದಡಿದ್ದೇವೆಂಬುದು ಗೊತ್ತಾಗಲೇ ಇಲ್ಲ. ನಿಜವಾದ ಅಪಾಯದ ಕಲ್ಪನೆ ಬೇಕೆಂದರೆ ಇದು. ಯಾವ ಮೂಲಸೂತ್ರವೂ ಮುಂಚಿತವಾಗಿ ಹೇಳಲಾರದ್ದು, ಅಲ್ಲಿ ಹೋಗಿ ಬಾಳಿದವರಿಗೆ, ತಡವಾಗಿ, ತಿಳಿಯುವಂಥದ್ದು. ಕೃಷಿ, ಆಹಾರ, ಜನನ, ಅಧಿಕಾರ ಇವುಗಳ ಹೆಣಿಗೆ ಒಂದು ಲೋಕದಲ್ಲಿ ಹೇಗಿದೆ ಎಂಬ ವಿವರದಲ್ಲಿ ಆ ಕಾದಂಬರಿ ತನ್ನ ಭಯವನ್ನು ಸಂಪಾದಿಸುತ್ತದೆ. ಕತ್ತಲ ಕಾಡಿನ ಬೇಟೆಗಾರರಿಗೆ ಅಡುಗೆಯೂ ಇಲ್ಲ, ಮಕ್ಕಳೂ ಇಲ್ಲ.

ಲಿಯು ಅವರಿಗೆ ಈ ಕಣ್ಣು ಇಲ್ಲವೆಂದು ಹೇಳಿದರೆ ನಾನೂ ಓದದೆ ತೀರ್ಪು ಕೊಟ್ಟಂತಾಗುತ್ತದೆ. ತ್ರಿಸೂರ್ಯ ಲೋಕದವರಿಗೆ ಯೋಚಿಸುವುದೂ ಹೇಳುವುದೂ ಒಂದೇ. ಆಲೋಚನೆ ಅವರ ದೇಹದಲ್ಲಿಯೇ ಹೊರಗೆ ಕಾಣುತ್ತದೆ. ಆದ್ದರಿಂದ ಅಜ್ಜಿಯ ವೇಷ ಹಾಕಿದ ತೋಳದ ಮಕ್ಕಳ ಕಥೆ ಅವರಿಗೆ ಅರ್ಥವಾಗುವುದಿಲ್ಲ. ತೋಳ ಮಾತಾಡಿದಾಗ ಅದರ ಉದ್ದೇಶ ಹುಡುಗಿಗೆ ಕಾಣಲಿಲ್ಲವೇಕೆ ಎಂದು ಅವರು ಕೇಳುತ್ತಾರೆ. ಇಡೀ ತ್ರಿವಳಿಯಲ್ಲಿ ನಿಜವಾಗಿ ಭೇಟಿ ನಡೆಯುವ ಪುಟಗಳಲ್ಲಿ ಇವು ಮುಖ್ಯವಾದವು. ಅದಕ್ಕಿಂತ ದೊಡ್ಡದು ಮೊದಲ ಭಾಗದಲ್ಲಿದೆ. 1971ರಲ್ಲಿ ಯೆ ವೆನ್‌ಜಿಯೆ ಆಕಾಶಕ್ಕೆ ಕಳುಹಿಸಿದ ಸಂದೇಶ ಅನ್ಯಲೋಕದ ಒಂಟಿ ಕೇಂದ್ರವೊಂದರಲ್ಲಿ 1379 ಎಂಬ ಸಂಖ್ಯೆಯ ಆಲಿಸುವವನಿಗೆ ಸಿಗುತ್ತದೆ. ಅವನು ತನ್ನ ಸಮಾಜದಲ್ಲಿ ಯಾರೂ ಲೆಕ್ಕಕ್ಕಿಡದ ಬಡಪಾಯಿ. ತಾನೆಂದೂ ಕಾಣದ ಆ ಸುಂದರವಾದ ಲೋಕ ಉಳಿಯಲಿ ಎಂಬ ಒಂದೇ ಆಸೆಯಿಂದ, ಉತ್ತರ ಕೊಡಬೇಡಿ, ಕೊಟ್ಟರೆ ನಿಮ್ಮ ನೆಲೆ ತಿಳಿದುಹೋಗುತ್ತದೆ ಎಂದು ತನ್ನವರ ಹಿತಕ್ಕೆ ವಿರುದ್ಧವಾಗಿ ಎಚ್ಚರಿಕೆ ಕಳುಹಿಸುತ್ತಾನೆ. ಎಂಟು ವರ್ಷಗಳ ತರುವಾಯ ಅದನ್ನು ಪಡೆದ ಯೆ ವೆನ್‌ಜಿಯೆ ಉತ್ತರ ಕೊಡುತ್ತಾಳೆ. ಮನುಷ್ಯರ ಮೇಲೆ ಅವಳಿಗೆ ಅಷ್ಟು ರೋಷ.

ನನ್ನ ಅಭ್ಯರ್ಥಿಯ ‘ತರ್ಕ’ ಈ 1379ನೆಯವನ ಮುಂದೆ ಏನು ಹೇಳುತ್ತದೆ? ಸಂಶಯದ ಸರಪಳಿ ಕಡಿಯಲಾರದ್ದಾದರೆ ಅವನು ಇರಲೇಬಾರದು. ಅವನೊಬ್ಬ ಅಪವಾದ ಎನ್ನಬಹುದು. ಮೂಲಸೂತ್ರಕ್ಕೆ ಅಪವಾದವಿದ್ದರೆ ಅದು ಮೂಲಸೂತ್ರವಲ್ಲ. ಅವನಿಂದ ಏನೂ ನಿಲ್ಲಲಿಲ್ಲ ಎನ್ನಬಹುದು. ನಿಲ್ಲದಿದ್ದದ್ದು ಅವನ ದೋಷದಿಂದಲ್ಲ, ಭೂಮಿಯ ಕಡೆಯಲ್ಲಿದ್ದವಳ ನಿರ್ಧಾರದಿಂದ. ನಾಗರಿಕತೆಗಳನ್ನು ಬಿಂದುಗಳೆಂದು ಎಣಿಸಿ ಲ್ವೊ ಜಿ ಲೆಕ್ಕ ಹಾಕುತ್ತಾನೆ. ಬಿಂದುವಿನೊಳಗೆ ನಿದ್ದೆಗೆಟ್ಟು ಕುಳಿತ ಒಬ್ಬ ನೌಕರನಿದ್ದಾನೆ ಎಂಬುದನ್ನು ಅದೇ ಲೇಖಕ ಮೊದಲ ಸಂಪುಟದಲ್ಲಿ ಬರೆದಿಟ್ಟಿದ್ದಾನೆ. ಎರಡನೆಯ ಸಂಪುಟದ ವಾದವನ್ನು ಮೊದಲನೆಯ ಸಂಪುಟ ಖಂಡಿಸುತ್ತಿದೆ. ಇದನ್ನು ಹಿಡಿಯುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸವಾಗಿತ್ತು.

ಈ ಜಗಳ ತರಗತಿಯ ಗೋಡೆಯೊಳಗೆ ಮುಗಿಯುವಂಥದ್ದೂ ಅಲ್ಲ. ನಕ್ಷತ್ರಗಳತ್ತ ಸಂದೇಶ ಕಳುಹಿಸಬೇಕೇ ಬೇಡವೇ ಎಂಬ ಚರ್ಚೆ ಖಗೋಳವಿಜ್ಞಾನಿಗಳ ನಡುವೆ ನಿಜವಾಗಿಯೇ ನಡೆಯುತ್ತಿದೆ. ಅಲ್ಲಿಯೂ ಈ ಕಾದಂಬರಿಯ ಹೆಸರು ಈಗ ಕೇಳಿಬರುತ್ತದೆ. ಎಚ್ಚರಿಕೆ ಬೇಕೆನ್ನುವವರ ಮೇಲೆ ನನಗೆ ಗೌರವವಿದೆ. 1974ರ ನವೆಂಬರ್‌ನಲ್ಲಿ ಅರೆಸಿಬೊ ದೂರದರ್ಶಕದಿಂದ ಇಪ್ಪತ್ತೈದು ಸಾವಿರ ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛಕ್ಕೆ ಸಂದೇಶ ಕಳುಹಿಸುವಾಗ ಭೂಮಿಯ ಜನರನ್ನು ಯಾರೂ ಕೇಳಿರಲಿಲ್ಲವೆಂಬ ಅವರ ದೂರು ನ್ಯಾಯವಾದದ್ದು. ಅವರು ಕೇಳುತ್ತಿರುವುದು ವಿಚಾರಣೆ. ಕತ್ತಲ ಕಾಡಿನವರು ವಿಚಾರಣೆ ಮುಗಿಯಿತೆನ್ನುತ್ತಾರೆ.

1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳ ಬಂಗಾರದ ತಟ್ಟೆಯಲ್ಲಿ ಐವತ್ತೈದು ಭಾಷೆಗಳ ನಮಸ್ಕಾರಗಳಿವೆ, ಕೇಸರಬಾಯಿ ಕೇರ್ಕರರ ಭೈರವಿ ಇದೆ. ಐವತ್ತೈದರಲ್ಲಿ ಒಂದು ಕನ್ನಡ: ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಕೆಲವು ಕ್ಷಣಗಳ ದನಿ. ಮುಂದಿನ ಬಾರಿ ಆ ಅಭ್ಯರ್ಥಿ ಸಿಕ್ಕರೆ ಅದನ್ನು ಕೇಳಿಸಿ, ಇದನ್ನು ಕಳುಹಿಸಿದ್ದು ತಪ್ಪೋ ಎಂದು ಕೇಳಬೇಕೆಂದಿದ್ದೇನೆ. ತಪ್ಪು ಎಂದರೂ ನನಗೆ ಬೇಸರವಿಲ್ಲ, 1379ನೆಯವನ ಅಧ್ಯಾಯವನ್ನು ಓದಿಕೊಂಡು ಬಂದು ಹೇಳಿದರೆ.